ಮಳೆ ನುಡಿಯುವವರ ಹೊಣೆ

ಸಂಜೆಯ ಹೊತ್ತು ನಮ್ಮ ಸೀಮೆಯ ಮನೆಗಳಲ್ಲಿ ಟಿ.ವಿ. ಎರಡು ಭಾಷೆಗಳಲ್ಲಿ ಮಾತನಾಡುತ್ತದೆ. ತೆಲುಗು ವಾಹಿನಿಯನ್ನು ಹಾಕಿದರೆ ರಾಯಲಸೀಮೆಯ ಹವಾಮಾನ ಕೇಳಿಸುತ್ತದೆ. ಕನ್ನಡ ವಾಹಿನಿಗೆ ತಿರುಗಿಸಿದರೆ ಬಳ್ಳಾರಿ, ಚಿತ್ರದುರ್ಗಗಳ ಹೆಸರು ಬರುತ್ತದೆ. ನಮ್ಮ ಗುಮ್ಮಘಟ್ಟದಿಂದ ಮೊಳಕಾಲ್ಮೂರಿನ ಸೀಮೆ ಕೂಗಳತೆಯಷ್ಟು ಹತ್ತಿರ. ಆದರೂ ಕನ್ನಡದ ನಕ್ಷೆ ಆ ಗಡಿಯಲ್ಲಿಯೇ ಮುಗಿದುಹೋಗುತ್ತದೆ. ಅದರಾಚೆಗಿನ ನಮ್ಮ ನೆಲಕ್ಕೆ ಅಲ್ಲಿ ಬಣ್ಣವೇ ಇಲ್ಲ. ಮೋಡವಾದರೋ ಈ ಗೆರೆಯನ್ನು ಲೆಕ್ಕಿಸದೆ ದಾಟಿ ಬರುತ್ತದೆ. ನೆಲಕ್ಕೊಂದು ಆಡಳಿತ, ಮಾತಿಗೊಂದು ನಾಡು ಎಂಬ ಸ್ಥಿತಿಯಲ್ಲಿ 1953ರಿಂದ ಬಾಳುತ್ತಿರುವ ನಮಗೆ ಇದು ಹೊಸದೇನಲ್ಲ. ಆದರೆ ಈ ನಕ್ಷೆಗಳ ಮುಂದೆ ದಿನವೂ ಕುಳಿತುಕೊಳ್ಳುವ ನಮ್ಮಲ್ಲಿ ಗಡಿಯ ಪ್ರಶ್ನೆಗಿಂತ ದೊಡ್ಡದಾದ ಇನ್ನೊಂದು ಪ್ರಶ್ನೆ ಮೂಡದೆ ಇರದು. ನಾಳೆ ಹೀಗಾಗುತ್ತದೆ ಎಂದು ನುಡಿಯುವವನಿಗೆ, ಅದನ್ನು ಕೇಳಿ ನಡೆಯುವವನ ವಿಷಯದಲ್ಲಿ ಯಾವ ಹೊಣೆಯಿದೆ? ಕೇಳುವವನ ಹೊಣೆಯಾದರೂ ಏನು? ಈ ಸಂಚಿಕೆಯ ನೆಪದಲ್ಲಿ ಅದನ್ನು ಕುರಿತು ಒಂದಿಷ್ಟು ಯೋಚಿಸುವುದು ಉಚಿತವೆಂದು ಭಾವಿಸಿದ್ದೇವೆ.

ಈ ಪ್ರಶ್ನೆ ನಮಗೆ ಕಾಲಹರಣದ ಚರ್ಚೆಯಲ್ಲ. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿ ಬಿದ್ದಿರುವ, ಪೂರ್ವದ ಕಡಲಿಗೂ ದೂರವಾದ ನಾಡು ನಮ್ಮದು. ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್ ಮಾತ್ರ. ದೇಶದ ಅತ್ಯಂತ ಒಣ ಜಿಲ್ಲೆಗಳ ಸಾಲಿನಲ್ಲಿ ಜೈಸಲ್ಮೇರಿನ ಜೊತೆಗೆ ನಮ್ಮ ಹೆಸರನ್ನು ಹೇಳುವುದುಂಟು. ಹಗರಿಯ ಆಸುಪಾಸಿನಲ್ಲಿ, ಬೊಮ್ಮನಹಾಳ, ಕಣೇಕಲ್ಲುಗಳ ಕಡೆ ಮರಳಿನ ದಿಬ್ಬಗಳು ಹೊಲಗಳ ಮೇಲೆ ಸರಿಯುವುದನ್ನು ಕಂಡವರು ಈ ಮಾತನ್ನು ಅತಿಶಯವೆನ್ನಲಾರರು. ಇಂಥಲ್ಲಿ ಮಳೆಯ ಬಗೆಗಿನ ಒಂದು ಮಾತಿನ ಮೇಲೆ ಬಿತ್ತನೆಯ ಬೀಜ, ತಂದ ಸಾಲ, ಮಕ್ಕಳ ಓದು, ಗುಳೆ ಹೋಗಬೇಕೋ ಇರಬೇಕೋ ಎಂಬ ನಿರ್ಧಾರ, ಎಲ್ಲವೂ ನಿಂತಿರುತ್ತವೆ.

ನಮ್ಮ ಹಿರಿಯರಿಗೂ ಮಳೆಯ ಮುನ್ಸೂಚನೆ ಬೇಕಾಗಿತ್ತು. ಯುಗಾದಿಯ ದಿನ ದೇವಸ್ಥಾನದ ಅಂಗಳದಲ್ಲಿ ಪಂಚಾಂಗ ಶ್ರವಣ ನಡೆಯುತ್ತಿತ್ತು, ಇಂದಿಗೂ ನಡೆಯುತ್ತಿದೆ. ರೋಹಿಣಿ, ಮೃಗಶಿರ, ಆರಿದ್ರಾ ಎಂದು ನಕ್ಷತ್ರಗಳ ಹೆಸರಿನಲ್ಲಿ ಮಳೆಗಳನ್ನು ಎಣಿಸಿ, ಯಾವ ಮಳೆಗೆ ಯಾವ ಬಿತ್ತನೆ ಎಂದು ಲೆಕ್ಕ ಹಾಕುತ್ತಿದ್ದರು. ಆ ಲೆಕ್ಕ ಸರಿಯಾಗಿಯೇ ಇರುತ್ತಿತ್ತೆಂದು ನಾವು ಹೇಳಲು ಹೊರಟಿಲ್ಲ. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಅಂದಿನ ಬಳ್ಳಾರಿ ಜಿಲ್ಲೆಯನ್ನು ಬರ ನುಂಗಿದಾಗ ಯಾವ ಪಂಚಾಂಗವೂ ಜನರನ್ನು ಕಾಯಲಿಲ್ಲ. ರಾಯದುರ್ಗ ಆಗ ಆ ಜಿಲ್ಲೆಯದೇ ತಾಲ್ಲೂಕು. ಆದರೆ ಆ ವ್ಯವಸ್ಥೆಯಲ್ಲಿ ಒಂದು ಗುಣವಿತ್ತು. ಫಲವನ್ನು ಓದಿ ಹೇಳಿದವನು ಅದೇ ಊರಿನವನು. ಮಳೆ ತಪ್ಪಿದರೆ ಅವನ ಮನೆಯ ಕಣಜವೂ ಬರಿದು. ಭಾವಿಯ ಕಟ್ಟೆಯ ಮೇಲೆ ಎದುರಾದಾಗ, ‘ಏನು ಸ್ವಾಮಿ, ಆರಿದ್ರಾ ಮಳೆ ಹೀಗೆ ಕೈ ಕೊಟ್ಟಿತಲ್ಲ?’ ಎಂದು ಕೇಳುವ ಹಕ್ಕು ಎಲ್ಲರಿಗೂ ಇತ್ತು. ನುಡಿದವನೂ ಕೇಳಿದವನೂ ಒಂದೇ ಆಕಾಶದ ಕೆಳಗೆ ಇದ್ದರು. ಈ ಉತ್ತರದಾಯಿತ್ವವೇ ನಮ್ಮ ವಿಚಾರದ ಮೊದಲ ಮೆಟ್ಟಿಲು.

ಆಧುನಿಕ ಹವಾಮಾನ ಶಾಸ್ತ್ರ ನಮ್ಮ ದೇಶದಲ್ಲಿ ಹುಟ್ಟಿದ್ದೇ ದುರಂತಗಳ ಪಾಠದಿಂದ. 1864ರ ಕಲ್ಕತ್ತೆಯ ಚಂಡಮಾರುತ, ಅನಂತರ 1866 ಮತ್ತು 1871ರಲ್ಲಿ ಕೈಕೊಟ್ಟ ಮುಂಗಾರು, ಇವುಗಳ ಫಲವಾಗಿ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಅಂದರೆ ಬಿರುಗಾಳಿ ಮತ್ತು ಬರ ಎರಡೂ ಅದರ ತೊಟ್ಟಿಲನ್ನು ತೂಗಿದವು. ಈ ಶಾಸ್ತ್ರಕ್ಕೆ ನಾವು ಸಲ್ಲಿಸಬೇಕಾದ ಕೃತಜ್ಞತೆ ದೊಡ್ಡದು. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಯನ್ನು ಕಡಲು ಕೊಚ್ಚಿದಾಗ ಸುಮಾರು ಹತ್ತು ಸಾವಿರ ಜನ, ಬೇರೆ ಅಂದಾಜುಗಳಂತೆ ಇನ್ನೂ ಹೆಚ್ಚು ಜನ, ಸತ್ತರು. 1990ರ ಮೇ ತಿಂಗಳಲ್ಲಿ ಅದೇ ಕರಾವಳಿಗೆ ಅಷ್ಟೇ ಭೀಕರವಾದ ಚಂಡಮಾರುತ ಬಂದಾಗ ಸತ್ತವರ ಸಂಖ್ಯೆ ಸಾವಿರದೊಳಗೆ ನಿಂತಿತು. ಈ ಎರಡರ ನಡುವೆ 1983ರಲ್ಲಿ ಇನ್ಸಾಟ್–1ಬಿ ಉಪಗ್ರಹ ಮೇಲೇರಿತ್ತು. ಕರಾವಳಿಗೆ ನೇರವಾಗಿ ಎಚ್ಚರಿಕೆ ಮುಟ್ಟಿಸುವ ಏರ್ಪಾಡಾಗಿತ್ತು. ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು. 2013ರಲ್ಲಿ ಒಡಿಶಾದ ಕಡೆಗೆ ಬಂದ ಫೈಲಿನ್ ಚಂಡಮಾರುತದ ವೇಳೆಗೆ ಸುಮಾರು ಹತ್ತು ಲಕ್ಷ ಜನರನ್ನು ಸರಿಸಿ, ಸಾವನ್ನು ನೂರರೊಳಗೆ ತಡೆದರು. ಸಕಾಲದಲ್ಲಿ ಆಡಿದ ಒಂದು ನಿಜವಾದ ಮಾತು ಎಷ್ಟು ಜೀವಗಳನ್ನು ಉಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಡ.

ಹಾಗಾದರೆ ತೊಡಕೆಲ್ಲಿದೆ? ಶಾಸ್ತ್ರದ ಮಾತು ಪರದೆಯ ಮೇಲೆ ಚಿತ್ರವಾಗುವ ದಾರಿಯಲ್ಲಿದೆ.

ಆಕಾಶವಾಣಿಯ ಕಾಲದಲ್ಲಿ ಹವಾಮಾನ ವರದಿ ಕೇವಲ ಮಾತಾಗಿತ್ತು. ‘ಒಳನಾಡಿನ ಒಂದೆರಡು ಕಡೆ’, ‘ಕೆಲವು ಕಡೆ’, ‘ಹಲವು ಕಡೆ’ ಮಳೆಯಾಗುವ ಸಂಭವವಿದೆ ಎಂದು ಅದು ಹೇಳುತ್ತಿತ್ತು. ‘ಬಂದರೆ ಬರುತ್ತದೆ, ಬಾರದಿದ್ದರೆ ಇಲ್ಲ’ ಎಂದು ನಾವೆಲ್ಲ ಅದನ್ನು ಅಣಕಿಸಿ ನಕ್ಕವರೇ. ಆದರೆ ಆ ಮಾತುಗಳ ಹಿಂದೆ ಅಳತೆಯಿತ್ತು. ಒಂದು ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಳೆ ನಿರೀಕ್ಷೆಯಿದ್ದರೆ ಒಂದು ಮಾತು, 26ರಿಂದ 50ರವರೆಗಿದ್ದರೆ ಇನ್ನೊಂದು, 51ರಿಂದ 75ಕ್ಕೆ ಮತ್ತೊಂದು. ಅದು ಹೇಡಿತನದ ಭಾಷೆಯಲ್ಲ, ತನಗೆ ತಿಳಿದಷ್ಟನ್ನೇ ಹೇಳುವ ಭಾಷೆ. ‘ಸಂಭವ’ ಎಂಬ ಆ ಸಣ್ಣ ಪದದಲ್ಲಿ ಒಂದು ದೊಡ್ಡ ಪ್ರಾಮಾಣಿಕತೆ ಅಡಗಿತ್ತೆಂಬುದು ನಮಗೆ ತಡವಾಗಿ ತಿಳಿಯಿತು.

ಟಿ.ವಿ. ಹಳ್ಳಿಗೆ ಬಂದುದೂ ಒಂದು ಒಳ್ಳೆಯ ಉದ್ದೇಶದಿಂದಲೇ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಕರ್ನಾಟಕ, ಆಂಧ್ರಗಳೂ ಸೇರಿದಂತೆ ಆರು ರಾಜ್ಯಗಳ 2400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಕೃಷಿ, ಆರೋಗ್ಯ, ಶಿಕ್ಷಣಗಳ ಕಾರ್ಯಕ್ರಮಗಳು ಮುಟ್ಟಿದವು. ಮುಂದೆ ದೂರದರ್ಶನದ ರಾತ್ರಿಯ ವಾರ್ತೆಯ ಕೊನೆಗೆ ಇನ್ಸಾಟ್ ತೆಗೆದ ಮಸುಕಾದ ಕಪ್ಪು ಬಿಳುಪು ಚಿತ್ರ ಬರತೊಡಗಿತು. ಅನಂತರ ಅದಕ್ಕೆ ಬಣ್ಣ ಬಂದಿತು. ನಿರೂಪಕರು ನಕ್ಷೆಯ ಮುಂದೆ ನಿಂತು ಕೈ ತೋರಿಸತೊಡಗಿದರು. ಹಸಿರು ಪರದೆಯ ಮುಂದೆ ನಿಂತ ಅವರಿಗೆ ಬೆನ್ನ ಹಿಂದೆ ಏನೂ ಕಾಣದು. ನಮಗೆ ಮಾತ್ರ ಇಡೀ ದೇಶ ಕಾಣುತ್ತದೆ. ಇನ್ನೊಂದು ಹೆಜ್ಜೆ ಮುಂದೆ ಹೋಗಿ, 2018ರಲ್ಲಿ ಅಮೆರಿಕದ ಹವಾಮಾನ ವಾಹಿನಿಯೊಂದು ಫ್ಲಾರೆನ್ಸ್ ಚಂಡಮಾರುತದ ಹೊತ್ತಿನಲ್ಲಿ, ನಿರೂಪಕರ ಸುತ್ತ ಮೂರಡಿ, ಆರಡಿ, ಒಂಬತ್ತಡಿ ನೀರು ಏರುವುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಒಂಬತ್ತಡಿ ಎಂಬ ಸಂಖ್ಯೆಯನ್ನು ಕೇಳಿ ಕದಲದವನೂ ಆ ಚಿತ್ರವನ್ನು ಕಂಡು ಮನೆ ಬಿಟ್ಟಾನು. ಇದು ತಂತ್ರಜ್ಞಾನದ ಸದ್ವಿನಿಯೋಗವೆಂದೇ ನಾವು ತಿಳಿಯುತ್ತೇವೆ.

ಆದರೆ ಪ್ರತಿಯೊಂದು ಚಿತ್ರವೂ ಏನನ್ನೋ ತೋರಿಸುವಾಗ ಇನ್ನೇನನ್ನೋ ಮುಚ್ಚುತ್ತದೆ. ಉಪಗ್ರಹದ ಚಿತ್ರದಲ್ಲಿ ಕಾಣುವ ಕೆಂಪು ಮಳೆಯ ಬಣ್ಣವಲ್ಲ. ಎತ್ತರದ ಮೋಡದ ತುದಿ ಎಷ್ಟು ತಣ್ಣಗಿದೆ ಎಂಬುದಕ್ಕೆ ಹಚ್ಚಿದ ಬಣ್ಣ. ರೇಡಾರಿನ ಕಿರಣ ದೂರ ಸಾಗಿದಷ್ಟೂ ಭೂಮಿಯ ಬಾಗಿನಿಂದಾಗಿ ನೆಲದಿಂದ ಮೇಲಕ್ಕೆ ಹೋಗುತ್ತದೆ. ಕೆಳಗಿನ ಮೋಡ ಅದಕ್ಕೆ ಸಿಗದೆ ಹೋಗಬಹುದು. ಹವಾಮಾನ ಇಲಾಖೆಯ ನಾಲ್ಕು ಬಣ್ಣಗಳೂ ಹಾಗೆಯೇ. ಹಸಿರೆಂದರೆ ಚಿಂತೆಯಿಲ್ಲ, ಹಳದಿಯೆಂದರೆ ಗಮನವಿರಲಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕ್ರಮ ಕೈಗೊಳ್ಳಿ ಎಂಬುದು ಅವುಗಳ ಅರ್ಥ. ಅವು ಆಡಳಿತಕ್ಕೂ ಜನರಿಗೂ ಕೊಟ್ಟ ಸಲಹೆಗಳೇ ಹೊರತು ವಿಧಿಲಿಖಿತವಲ್ಲ. ಪರದೆಯ ಮೇಲೆ ಮಾತ್ರ ಇಡೀ ಜಿಲ್ಲೆಗೆ ಒಂದೇ ಬಣ್ಣ ಬಳಿಯಲಾಗುತ್ತದೆ. ಒಂದು ಹೊಲದಲ್ಲಿ ಹದವಾಗಿ ಪಕ್ಕದ ಹೊಲದಲ್ಲಿ ಧೂಳೇಳುವ ನಮ್ಮ ಸೀಮೆಯಲ್ಲಿ ಆ ಒಂದೇ ಬಣ್ಣ ಎಷ್ಟು ನಿಜ? ‘ಕೆಲವು ಕಡೆ’ ಎಂಬ ಮಾತಿಗೆ ಬಣ್ಣವಿಲ್ಲ. ಆದುದರಿಂದ ಚಿತ್ರ ಸುಂದರವಾದಷ್ಟೂ ‘ಸಂಭವ’ವು ‘ಖಚಿತ’ವಾಗಿ ಕಾಣತೊಡಗುತ್ತದೆ.

ಇಲ್ಲಿ ಒಂದು ನೈತಿಕ ವಾದವನ್ನು ಎದುರಿಸಬೇಕು. ‘ಜನರನ್ನು ಉಳಿಸುವುದಕ್ಕಾಗಿ ಸ್ವಲ್ಪ ಹೆಚ್ಚು ಹೆದರಿಸಿದರೆ ತಪ್ಪೇನು? ಹೆದರಿ ಬದುಕಿದವನು, ಹೆದರದೆ ಸತ್ತವನಿಗಿಂತ ಮೇಲಲ್ಲವೇ?’ ಎಂದು ಕೆಲವರು ಕೇಳುತ್ತಾರೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ದಿವಿಸೀಮೆಯ ನೆನಪಿರುವವರು ಎಚ್ಚರಿಕೆ ಅತಿಯಾಯಿತೆಂದು ದೂರುವುದಿಲ್ಲ. ಆದರೆ ಎಚ್ಚರಿಸುವುದು ಬೇರೆ, ಹೆದರಿಸುವುದು ಬೇರೆ. ಎಚ್ಚರಿಕೆ ಕೇಳುವವನ ಕೈಗೆ ಒಂದು ಕೆಲಸವನ್ನು ಕೊಡುತ್ತದೆ: ಇಂಥ ಹೊತ್ತಿಗೆ, ಇಂಥ ಕಡೆ ಹೋಗು. ಹೆದರಿಕೆ ಅವನನ್ನು ಪರದೆಯ ಮುಂದೆಯೇ ಕಟ್ಟಿಹಾಕುತ್ತದೆ. 2023ರ ಜೂನ್ ತಿಂಗಳಲ್ಲಿ ಬಿಪರ್‌ಜಾಯ್ ಚಂಡಮಾರುತ ಗುಜರಾತಿನತ್ತ ಬಂದಾಗ ಒಂದು ಲಕ್ಷದಷ್ಟು ಜನರನ್ನು ಸದ್ದಿಲ್ಲದೆ ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಅದೇ ದಿನಗಳಲ್ಲಿ ಒಂದು ಸುದ್ದಿವಾಹಿನಿಯ ಸ್ಟುಡಿಯೊದೊಳಗೆ ನಿರೂಪಕರೊಬ್ಬರು ಕೊಡೆ ಹಿಡಿದು, ಇಲ್ಲದ ಗಾಳಿಗೆ ತೂರಾಡಿದ ದೃಶ್ಯವನ್ನು ದೇಶವೆಲ್ಲ ನೋಡಿ ನಕ್ಕಿತು. ಮೊದಲನೆಯದು ಎಚ್ಚರಿಕೆ, ಎರಡನೆಯದು ಬಯಲಾಟ. ಬಯಲಾಟದಲ್ಲಿ ಬಣ್ಣ ಹಚ್ಚಿದವನು ತಾನು ವೇಷಧಾರಿಯೆಂದು ಒಪ್ಪಿಕೊಂಡೇ ಕುಣಿಯುತ್ತಾನೆ. ಇಲ್ಲಿ ಆ ಒಪ್ಪಂದವೂ ಇಲ್ಲ.

ಉತ್ಪ್ರೇಕ್ಷೆಯ ನಿಜವಾದ ದೋಷ ಬೇರೊಂದಿದೆ. ಅದು ನಂಬಿಕೆಯನ್ನು ಸಾಲ ತಂದು ಖರ್ಚು ಮಾಡುತ್ತದೆ. ಸಾಲ ತೀರಿಸಬೇಕಾದವರು ಮಾತ್ರ ಬೇರೆಯವರು. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಹೇಳಿದ್ದೇವೆ. ಆ ಕಥೆಯಲ್ಲಿ ಕೂಗಿದ ಹುಡುಗನ ಕುರಿಗಳೇ ಹೋದವು. ಪರದೆಯ ಮೇಲೆ ಕೂಗಿದವನ ಕುರಿ ಹೋಗುವುದಿಲ್ಲ. ಅವನ ಮಾತಿನಿಂದ ಬೇಸತ್ತು, ಮುಂದಿನ ನಿಜವಾದ ಎಚ್ಚರಿಕೆಯನ್ನು ಅಲಕ್ಷಿಸಿ, ಗುಡುಗಿನ ಹೊತ್ತಿನಲ್ಲಿ ಮರದಡಿ ನಿಂತ ಕುರಿಗಾಹಿಯ ಪ್ರಾಣವೇ ಹೋಗುತ್ತದೆ. ನಮ್ಮ ದೇಶದಲ್ಲಿ ವರ್ಷವರ್ಷವೂ ಸಿಡಿಲಿಗೆ ಎರಡು ಸಾವಿರಕ್ಕೂ ಹೆಚ್ಚು ಜನ ಬಲಿಯಾಗುತ್ತಾರೆ. ಹೊಲದಲ್ಲಿ ಒಬ್ಬರು, ಬಯಲಲ್ಲಿ ಇಬ್ಬರು ಹೀಗೆ ಸಾಯುವ ಅವರಿಗಾಗಿ ಯಾವ ವಾಹಿನಿಯೂ ದಿನವಿಡೀ ಹಿನ್ನೆಲೆ ಸಂಗೀತ ನುಡಿಸುವುದಿಲ್ಲ.

ಮುನ್ಸೂಚನೆಯ ಹೊಣೆಯನ್ನು ಎದೆಗೆ ಹಚ್ಚಿಕೊಂಡ ಒಬ್ಬ ವ್ಯಕ್ತಿಯನ್ನು ಇಲ್ಲಿ ನೆನೆಯಬೇಕು. ಇಂಗ್ಲೆಂಡಿನ ರಾಬರ್ಟ್ ಫಿಟ್ಸ್‌ರಾಯ್ 1861ರಲ್ಲಿ ಪತ್ರಿಕೆಯ ಮೂಲಕ ದಿನದಿನದ ಹವಾಮಾನ ಮುನ್ಸೂಚನೆಯನ್ನು ಆರಂಭಿಸಿದರು. ತಾನು ಕೊಡುತ್ತಿರುವುದು ಭವಿಷ್ಯವಾಣಿಯಲ್ಲ, ಶಾಸ್ತ್ರದ ಆಧಾರದ ಮೇಲಿನ ಅಭಿಪ್ರಾಯವೆಂದು ಅವರು ಸ್ಪಷ್ಟಪಡಿಸಿದ್ದರು. ಆದರೂ ತಪ್ಪಿದಾಗಲೆಲ್ಲ ಅವರಿಗೆ ಅಪಹಾಸ್ಯ ತಪ್ಪಲಿಲ್ಲ. 1865ರಲ್ಲಿ ಅವರು ತಮ್ಮ ಕೈಯಿಂದಲೇ ಪ್ರಾಣ ಕಳೆದುಕೊಂಡರು. ಅವರ ಮರಣಾನಂತರ ನಿಲ್ಲಿಸಿದ ಬಿರುಗಾಳಿಯ ಎಚ್ಚರಿಕೆಯನ್ನು ಜನರ ಒತ್ತಾಯದ ಮೇರೆಗೆ ಮತ್ತೆ ಆರಂಭಿಸಬೇಕಾಯಿತು. ಈ ಪ್ರಸಂಗ ನುಡಿಯುವವನಿಗೂ ಕೇಳುವವನಿಗೂ ಪಾಠ. ತಪ್ಪಬಹುದೆಂಬ ಅರಿವಿನಿಂದ ನುಡಿಯಬೇಕಾದುದು ಅವನ ಧರ್ಮವಾದರೆ, ಪ್ರಾಮಾಣಿಕವಾಗಿ ನುಡಿದು ತಪ್ಪಿದವನನ್ನು ಸುಳ್ಳುಗಾರನೆನ್ನದಿರುವುದು ನಮ್ಮ ಧರ್ಮ.

ಇನ್ನು ನಮ್ಮ ಸೀಮೆಗೇ ಸೇರಿದ ಒಂದು ಅಳಲು. ‘ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ’ ಎಂಬ ಗಾದೆಯ ನಾಡಿನವರು ನಾವು. ಟಿ.ವಿ. ಕನ್ನಡದಲ್ಲಾದರೋ ಮಳೆಯೆಂದರೆ ಸದಾ ಕೇಡು. ‘ವರುಣಾರ್ಭಟ’, ‘ಮಳೆ ಅವಾಂತರ’, ‘ಜಲಪ್ರಳಯ’ ಇವಲ್ಲದೆ ಬೇರೆ ಮಾತುಗಳು ಅಪರೂಪವಾಗಿವೆ. 2022ರ ಸೆಪ್ಟೆಂಬರನ್ನು ನೆನೆಯೋಣ. ಬೆಂಗಳೂರಿನ ಬಡಾವಣೆಗಳು ಮುಳುಗಿ ಜನ ಟ್ರ್ಯಾಕ್ಟರಿನಲ್ಲಿ ಕಚೇರಿಗೆ ಹೋದ ದೃಶ್ಯಗಳನ್ನು ಹಗಲಿರುಳೂ ನೋಡಿದೆವು. ಅವರ ಕಷ್ಟ ನಿಜವಾದುದೇ. ಆದರೆ ಅದೇ ತಿಂಗಳಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ಅನಂತರ, 89 ವರ್ಷಗಳ ಮೇಲೆ, ಮೊದಲ ಬಾರಿಗೆ ಕೋಡಿ ಬಿದ್ದಿತು. ಆ ಕೋಡಿಯ ನೀರು ಇಳಿಯುವುದು ವೇದಾವತಿಗೆ. ವೇದಾವತಿ ಬರುವುದು ನಮ್ಮ ಗುಮ್ಮಘಟ್ಟ ಮಂಡಲದ ಭೈರವಾನಿತಿಪ್ಪೆ ಜಲಾಶಯಕ್ಕೆ. ಒಂದೇ ಮಳೆಗಾಲ ಅಲ್ಲಿ ಅವಾಂತರ, ಇಲ್ಲಿ ಆನಂದ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೂ ಹಾಗೆಯೇ. ಕರಾವಳಿಗೆ ಕಂಟಕವಾದುದು ಎಷ್ಟೋ ವರ್ಷ ನಮ್ಮ ಹಿಂಗಾರಿನ ಕೆರೆಗಳನ್ನು ತುಂಬಿಸಿದೆ. 2021ರ ನವೆಂಬರಿನಲ್ಲಿ ಅದೇ ಬಗೆಯ ಮಳೆ ರಾಯಲಸೀಮೆಯಲ್ಲಿ ಪ್ರವಾಹವಾಗಿ ಕಡಪ ಜಿಲ್ಲೆಯ ಅನ್ನಮಯ್ಯ ಅಣೆಕಟ್ಟು ಒಡೆದದ್ದೂ ಉಂಟು. ಮಳೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದನ್ನು ಬರಮಾಡಿಕೊಳ್ಳುವ ನೆಲವನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ ಎಂಬುದೇ ಪ್ರಶ್ನೆ. ರಾಜಕಾಲುವೆಯನ್ನು ನುಂಗಿದವರ ಹೆಸರನ್ನು ಬಿಟ್ಟು ವರುಣನ ಮೇಲೆ ದೂರು ಹೊರಿಸುವ ಭಾಷೆ, ದೇವರ ಹೆಸರಿನಲ್ಲಿ ಮನುಷ್ಯರ ತಪ್ಪನ್ನು ಮುಚ್ಚುವ ಭಾಷೆ.

ಬರಕ್ಕೆ ಈ ಪರದೆಯ ಮೇಲೆ ಜಾಗವೇ ಇಲ್ಲ. ಬಿರುಗಾಳಿಗೆ ಹೆಸರಿದೆ, ಕಣ್ಣಿದೆ, ಸಾಗುವ ದಾರಿಯಿದೆ, ದಡ ಮುಟ್ಟುವ ಮುಹೂರ್ತವಿದೆ. ಬಾರದ ಮಳೆಯನ್ನು ಚಿತ್ರಿಸುವುದು ಹೇಗೆ? ನಲವತ್ತು ದಿನ ಸುಮ್ಮನೆ ನೀಲಿಯಾಗಿರುವ ಆಕಾಶ ಯಾವ ಕ್ಯಾಮೆರಾಕ್ಕೂ ಸುದ್ದಿಯಲ್ಲ. ಸ್ವತಂತ್ರ ಪತ್ರಿಕೆಗಳಿರುವ ದೇಶದಲ್ಲಿ ದೊಡ್ಡ ಕ್ಷಾಮ ಸಂಭವಿಸುವುದಿಲ್ಲ, ಆದರೆ ನಿತ್ಯದ ಹಸಿವು ಅವುಗಳ ಕಣ್ಣಿಗೆ ಬೀಳದೆ ಉಳಿಯಬಹುದು ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ವಾದಿಸಿದ್ದು ನಮ್ಮಂಥ ಸೀಮೆಗಳಿಗೆ ಚೆನ್ನಾಗಿ ಒಪ್ಪುತ್ತದೆ. ಕರ್ನಾಟಕ 1988ರಲ್ಲಿಯೇ ಬರದ ಮೇಲೆ ಕಣ್ಣಿಡಲು ಪ್ರತ್ಯೇಕ ಘಟಕವನ್ನು ಕಟ್ಟಿತು. ಮುಂದೆ ಅದೇ ಬೆಳೆದು ಪಂಚಾಯಿತಿ ಪಂಚಾಯಿತಿಗೂ ಮಳೆಮಾಪಕವಿಟ್ಟಿತು. ನಿಧಾನವಾಗಿ ಬರುವ ವಿಪತ್ತನ್ನು ನಿಧಾನವಾಗಿ ನೋಡುವ ಕಣ್ಣೂ ಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ತಪ್ಪಿದ ಮಾತಿನ ಬೆಲೆಯೂ ಎಲ್ಲರಿಗೂ ಒಂದೇ ಅಲ್ಲ. ಚಂಡಮಾರುತ ಬರುವುದೆಂದು ಊರು ಬಿಟ್ಟು, ಅದು ಬಾರದಿದ್ದರೆ ಒಂದೆರಡು ದಿನದ ಕೂಲಿ ನಷ್ಟ. ಬಿಡದಿದ್ದು ಅದು ಬಂದರೆ ಜೀವನಷ್ಟ. ಅಲ್ಲಿ ಎಚ್ಚರಿಕೆ ತಪ್ಪುವುದು ಕ್ಷಮ್ಯ, ಎಚ್ಚರಿಸದಿರುವುದು ಅಕ್ಷಮ್ಯ. ಬಿತ್ತನೆಯ ನ್ಯಾಯ ಹಾಗಲ್ಲ. ನಾಳೆ ಮಳೆ ಎಂಬ ಮಾತನ್ನು ನಂಬಿ ಶೇಂಗಾ ಬಿತ್ತಿದ ರೈತನಿಗೆ, ಮೂರು ವಾರ ಹನಿ ಬೀಳದಿದ್ದರೆ ಬೀಜದ ಹಣ ಮಣ್ಣುಪಾಲು. ನಂಬದೆ ಕೈಕಟ್ಟಿ ಕುಳಿತು ಮಳೆ ಬಂದರೆ ಹದವೇ ಕೈತಪ್ಪಿತು. ಅವನಿಗೆ ಎರಡೂ ಕಡೆ ನಷ್ಟ. ಅವನಿಗೆ ಬೇಕಾದುದು ‘ಭಾರಿ ಮಳೆ’ ಎಂಬ ಉದ್ಗಾರವಲ್ಲ. ನೂರರಲ್ಲಿ ಎಷ್ಟು ಪಾಲು ಸಂಭವ, ಎಷ್ಟು ದಿನದ ಮಟ್ಟಿಗೆ, ಎಷ್ಟು ನಂಬಬಹುದು ಎಂಬ ಮೂರು ಮಾತುಗಳು. ‘ರೈತರಿಗೆ ಸಂಭವದ ಲೆಕ್ಕ ತಿಳಿಯದು’ ಎನ್ನುವವರು ನಮ್ಮ ರೈತರನ್ನು ಅರಿತವರಲ್ಲ. ಹೊಲವನ್ನು ಹಂಚಿ ಎರಡು ಬಗೆಯ ಬೀಜ ಚೆಲ್ಲುವವನು, ಶೇಂಗಾದ ಸಾಲಿನ ನಡುವೆ ತೊಗರಿ ಇಡುವವನು ಹುಟ್ಟಿನಿಂದಲೇ ಆ ಲೆಕ್ಕವನ್ನು ಬಲ್ಲ.

ತಂತ್ರಜ್ಞಾನ ಇನ್ನೂ ಮುಂದೆ ಸಾಗುತ್ತಿದೆ. 2025ರ ಮೇ ತಿಂಗಳಲ್ಲಿ ನಮ್ಮ ದೇಶದ್ದೇ ಆದ ‘ಭಾರತ್’ ಮುನ್ಸೂಚನಾ ವ್ಯವಸ್ಥೆ ಬಂದಿದೆ. ಹಿಂದೆ 12 ಕಿಲೋಮೀಟರಿನ ಚೌಕದಲ್ಲಿ ನೋಡುತ್ತಿದ್ದುದನ್ನು ಈಗ 6 ಕಿಲೋಮೀಟರಿನ ಚೌಕದಲ್ಲಿ ನೋಡಬಹುದು. 2024ರ ಮೇ ತಿಂಗಳಲ್ಲಿ ಡಿ.ಡಿ. ಕಿಸಾನ್ ವಾಹಿನಿ ಕೃತಕ ಬುದ್ಧಿಮತ್ತೆಯ ‘ಕೃಷ್’ ಮತ್ತು ‘ಭೂಮಿ’ ಎಂಬ ಇಬ್ಬರು ನಿರೂಪಕರನ್ನು ತೆರೆಗೆ ತಂದಿತು. ಅವರು ಐವತ್ತು ಭಾಷೆಗಳಲ್ಲಿ ಮಾತನಾಡಬಲ್ಲರಂತೆ. ಗಡಿಯಾಚೆಯ ಕನ್ನಡಿಗರಿಗೆ ನಮ್ಮ ನೆಲದ ಮಳೆಯನ್ನು ನಮ್ಮ ನುಡಿಯಲ್ಲಿ ಹೇಳುವ ದಾರಿ ಇದರಿಂದ ತೆರೆದೀತೆಂಬ ಆಸೆ ನಮಗೂ ಇದೆ. ಆದರೆ ಯಂತ್ರದ ಮುಖಕ್ಕೆ ನಾಚಿಕೆಯೆಂಬುದಿಲ್ಲ. ನಿನ್ನೆ ತಪ್ಪಿದ್ದಕ್ಕೆ ಇಂದು ಅದರ ದನಿ ತಗ್ಗುವುದಿಲ್ಲ. ಭಾವಿಯ ಕಟ್ಟೆಯ ಮೇಲೆ ಅದು ನಮಗೆ ಎದುರಾಗುವುದಿಲ್ಲ. ಹೇಳುವ ಬಾಯಿ ಎಷ್ಟೇ ಬದಲಾಗಲಿ, ಅದರ ಹಿಂದೆ ಉತ್ತರ ಕೊಡುವ ಒಬ್ಬ ಮನುಷ್ಯ ಇರಲೇಬೇಕೆಂದು ಕೇಳುವುದು ನಮ್ಮ ಹಕ್ಕು.

ಹಕ್ಕಿನ ಜೊತೆಗೆ ಹೊಣೆಯೂ ಇದೆ. ಬೇಸರ ಕಳೆಯಲು ಬಿರುಗಾಳಿಯನ್ನು ನೋಡುವ ಕಣ್ಣು ನಮ್ಮದೇ ಅಲ್ಲವೇ? ಮನೆ ಕೊಚ್ಚಿಹೋಗುವ ದೃಶ್ಯವನ್ನು ಊಟದ ತಟ್ಟೆಯ ಮುಂದೆ ಮತ್ತೆ ಮತ್ತೆ ನೋಡಿ, ಶಾಂತವಾಗಿ ಹೇಳುವ ವಾಹಿನಿಯನ್ನು ಬದಲಿಸಿಬಿಡುವವರು ನಾವೇ. ನಮ್ಮ ರುಚಿಯೇ ಅವರ ಅಡಿಗೆಯನ್ನು ನಿಶ್ಚಯಿಸುತ್ತದೆ. ಮೊಬೈಲಿನಲ್ಲಿ ಬಂದ ಯಾವುದೋ ವರ್ಷದ, ಯಾವುದೋ ಊರಿನ ಪ್ರವಾಹದ ಚಿತ್ರವನ್ನು ಪರಿಶೀಲಿಸದೆ ಹತ್ತು ಜನಕ್ಕೆ ಕಳಿಸಿದಾಗ ನಾವೂ ಕೊಡೆ ಹಿಡಿದು ಕುಣಿದವರೇ ಆಗುತ್ತೇವೆ.

ಈ ಮಾತುಗಳನ್ನು ಒಂದು ಸಣ್ಣ ಸೂಚನೆಯೊಂದಿಗೆ ಮುಗಿಸುತ್ತೇವೆ. ನಮ್ಮ ಸಂಘ ಪ್ರತಿ ಊರಿನ ಶಾಲೆಯ ಗೋಡೆಗೋ ಕಟ್ಟೆಯ ಬಳಿಗೋ ಒಂದು ಕರಿಹಲಗೆಯನ್ನು ಒದಗಿಸಲಿ. ಮುಂಗಾರಿನಿಂದ ಹಿಂಗಾರಿನವರೆಗೆ ದಿನವೂ ಒಬ್ಬ ವಿದ್ಯಾರ್ಥಿ ಅದರ ಮೇಲೆ ಕನ್ನಡದಲ್ಲಿ ಮೂರು ಸಾಲು ಬರೆಯಲಿ: ನಿನ್ನೆ ಇಲಾಖೆ ಹೇಳಿದ್ದು, ನಿನ್ನೆ ನಮ್ಮೂರಿನಲ್ಲಿ ಆದದ್ದು, ನಾಳೆಗೆ ಹೇಳಿರುವುದು. ಒಂದು ಮಳೆಮಾಪಕದ ಬೆಲೆ ಒಂದು ಹಾರ, ಒಂದು ಶಾಲಿನ ಬೆಲೆಗಿಂತ ಬಹಳ ಹೆಚ್ಚಿನದಲ್ಲ. ಒಂದು ವರ್ಷ ಹೀಗೆ ಬರೆದರೆ, ಯಾವ ಮಾತನ್ನು ಎಷ್ಟು ನಂಬಬೇಕೆಂಬುದನ್ನು ಯಾರೂ ನಮಗೆ ಹೇಳಿಕೊಡಬೇಕಾಗದು. ಬಣ್ಣವಿಲ್ಲದ ಆ ಹಲಗೆಯ ಮೇಲೆ ನಮ್ಮ ಊರಿನ ಹೆಸರಿರುತ್ತದೆ; ಬರೆದ ಹುಡುಗನೋ ಹುಡುಗಿಯೋ ನಾಳೆ ಬೆಳಿಗ್ಗೆ ನಮಗೆ ಎದುರಾಗುತ್ತಾರೆ. ‘ಏನಮ್ಮ, ನಿನ್ನೆ ಮಳೆ ಬರಲೇ ಇಲ್ಲವಲ್ಲ?’ ಎಂದು ನಾವು ಕೇಳಬಹುದು. ‘ಬರುವ ಸಂಭವ ನೂರಕ್ಕೆ ನಲವತ್ತು ಎಂದಷ್ಟೇ ಬರೆದಿದ್ದೆ ತಾತಾ’ ಎಂದು ಅವಳು ಉತ್ತರಿಸಬಹುದು. ನುಡಿಯುವವರಿಗೂ ಕೇಳುವವರಿಗೂ ನಡುವೆ ಇರಬೇಕಾದ ಸಂಬಂಧ ಅಷ್ಟೇ.